ಅಪ್ಪನ ಜೊತೆ ಬಾಕ್ಸಿಂಗ್ ಡೇ ಟೆಸ್ಟ್

ಟೆಸ್ಟ್ ಪಂದ್ಯಕ್ಕೆಂದೇ ಒಂದು ಊರಿಗೆ ಹೋದರೆ ಆ ಊರು ಬೇರೆಯೇ ರೀತಿಯಲ್ಲಿ ದಕ್ಕುತ್ತದೆ. ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಓಡುವ ಹಾಗಿಲ್ಲ. ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಆರರ ತನಕ ಆಟ ನಿಮ್ಮನ್ನು ಕೂರಿಸಿಕೊಳ್ಳುತ್ತದೆ, ಉಳಿದ ಹೊತ್ತನ್ನು ಊರಿಗೆ ಕೊಡುತ್ತದೆ. ಮೆಲ್ಬರ್ನ್‌ನಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ರಾತ್ರಿ ಎಂಟೂವರೆಗೂ ಬೆಳಕಿರುತ್ತದೆ. ನನಗೆ ಗೊತ್ತಿರುವ ಮಟ್ಟಿಗೆ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ವೇಳಾಪಟ್ಟಿ ಇಲ್ಲ.

2018ರ ಕೊನೆಗೆ ಅಪ್ಪ ಶಿವಮೊಗ್ಗದಿಂದ ಸಿಡ್ನಿಯ ನಮ್ಮ ಮನೆಗೆ ಬಂದಿದ್ದರು. ಭಾರತ ತಂಡವೂ ಆಸ್ಟ್ರೇಲಿಯಾದಲ್ಲೇ ಇತ್ತು, ಸರಣಿ 1–1 ಆಗಿತ್ತು. ಮೆಲ್ಬರ್ನ್‌ನ ಬಾಕ್ಸಿಂಗ್ ಡೇ ಟೆಸ್ಟಿನ, ಅಂದರೆ ಕ್ರಿಸ್‌ಮಸ್‌ನ ಮರುದಿನ ಶುರುವಾಗುವ ಪಂದ್ಯದ ಟಿಕೆಟ್ ಅಪ್ಪನ ಎದುರು ಇಟ್ಟಾಗ ಅವರು ಅದನ್ನು ಎರಡು ಸಲ ಓದಿ, ಅಂಗಿ ಜೇಬಿಗೆ ಹಾಕಿಕೊಂಡರು.

ಕ್ರಿಸ್‌ಮಸ್ ದಿನ ಮೆಲ್ಬರ್ನ್ ತಲುಪಿದೆವು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಯಾರಾ ನದಿಯ ದಂಡೆಯಲ್ಲಿ ನಡೆಯುತ್ತಿದ್ದಾಗ ಫೋನಿನಲ್ಲಿ ತಂಡದ ಸುದ್ದಿ ಬಂತು. ಮುರಳಿ ವಿಜಯ್ ಇಲ್ಲ, ಕೆ.ಎಲ್. ರಾಹುಲ್ ಇಲ್ಲ, ಮಯಾಂಕ್ ಅಗರ್‌ವಾಲ್‌ಗೆ ಚೊಚ್ಚಲ ಟೆಸ್ಟ್. ಅದಕ್ಕೆ ವರ್ಷದ ಹಿಂದೆ ಮಹಾರಾಷ್ಟ್ರದ ಎದುರು ಕರ್ನಾಟಕಕ್ಕೆ ಅಜೇಯ 304 ಹೊಡೆದಿದ್ದ ಹುಡುಗ. ಆಮೇಲೂ ಕಾಯುತ್ತಲೇ ಇದ್ದ. ಅಪ್ಪ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. "ಅಂತೂ ಕೊಟ್ರಲ್ಲ ಮಾರಾಯ," ಎಂದರು.

ಮರುದಿನ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನಿಂದ ಮೈದಾನಕ್ಕೆ ನಡೆದೇ ಹೋದೆವು. ಫೆಡರೇಷನ್ ಸ್ಕ್ವೇರ್ ದಾಟಿ, ಹಳಿಗಳ ಮೇಲಿನ ವಿಲಿಯಂ ಬರಾಕ್ ಸೇತುವೆ ಹತ್ತಿದರೆ ಎದುರಿಗೇ ಎಂಸಿಜಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್. ಊರಿನ ಮಧ್ಯದಲ್ಲೇ ಲಕ್ಷ ಜನ ಹಿಡಿಸುವ ಮೈದಾನ, ಸುತ್ತ ಮರಗಳ ಯಾರಾ ಪಾರ್ಕ್. 1877ರಲ್ಲಿ ಜಗತ್ತಿನ ಮೊದಲ ಟೆಸ್ಟ್ ಆಡಿದ ಜಾಗ. ಅವತ್ತು 73 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಡೋಲು, ಬಾವುಟ, ನೀಲಿ ಅಂಗಿಗಳ ಜೊತೆಗೆ ಸೇತುವೆಯ ಮೇಲೆ ಕನ್ನಡವೂ ಧಾರಾಳವಾಗಿ ಕೇಳಿಸುತ್ತಿತ್ತು.

ನಮ್ಮ ಸೀಟು ಮೇಲಿನ ಅಂತಸ್ತಿನಲ್ಲಿ. ಅಷ್ಟು ದೂರದಿಂದ ಬ್ಯಾಟು ಬೀಸಿದ್ದು ಮೊದಲು ಕಾಣುತ್ತದೆ, 'ಟಕ್' ಎಂಬ ಸದ್ದು ಚೂರು ತಡವಾಗಿ ಕಿವಿಗೆ ಬರುತ್ತದೆ. ಟಿವಿಯಲ್ಲಿ ಇದು ಸಿಗುವುದಿಲ್ಲ. ಆಸ್ಟ್ರೇಲಿಯಾದ ವೇಗಿಗಳಾದ ಸ್ಟಾರ್ಕ್, ಹೇಜಲ್‌ವುಡ್, ಕಮಿನ್ಸ್ ಒಬ್ಬರಾದ ಮೇಲೊಬ್ಬರು ಓಡಿ ಬರುತ್ತಿದ್ದರೂ ಮಯಾಂಕ್ ಗಡಿಬಿಡಿ ಮಾಡಲಿಲ್ಲ. ಬಿಡಬೇಕಾದದ್ದನ್ನು ಬಿಟ್ಟ, ಹೊಡೆಯಬೇಕಾದದ್ದನ್ನು ಹೊಡೆದ. ಸ್ಪಿನ್ನರ್ ಲಯನ್‌ಗೆ ಒಂದು ಸಿಕ್ಸರ್ ಕೂಡ ಬಿತ್ತು. ಆಸ್ಟ್ರೇಲಿಯಾದಲ್ಲಿ ಚೊಚ್ಚಲ ಟೆಸ್ಟ್ ಆಡಿದ ಭಾರತೀಯರಲ್ಲಿ ಅಲ್ಲಿಯ ತನಕ ದೊಡ್ಡ ಸ್ಕೋರೆಂದರೆ 1947ರಲ್ಲಿ ದತ್ತು ಫಡ್ಕರ್ ಹೊಡೆದ 51. ಅದನ್ನು ಈ ಹುಡುಗ ದಾಟಿದಾಗ ಅಪ್ಪ ಎದ್ದು ನಿಂತವರು ಸುಮಾರು ಹೊತ್ತು ಕೂರಲೇ ಇಲ್ಲ. ಟೀ ವಿರಾಮಕ್ಕೆ ಸರಿಯಾಗಿ ಕಮಿನ್ಸ್ ಎಸೆತದಲ್ಲಿ ಕೀಪರ್‌ಗೆ ಕ್ಯಾಚ್ ಹೋಯಿತು. 76.

ಮನೆಯಿಂದ ಕಟ್ಟಿ ತಂದಿದ್ದ ಚಪಾತಿ, ಚಟ್ನಿಪುಡಿ ಬಿಚ್ಚಿದೆವು. ಪಕ್ಕದಲ್ಲಿ ಅಪ್ಪನದೇ ವಯಸ್ಸಿನ ಆಸ್ಟ್ರೇಲಿಯನ್ ಒಬ್ಬರಿದ್ದರು. ನಾವು ಬೆಂಗಳೂರು ಕಡೆಯವರು ಎಂದದ್ದೇ ತಡ, ಅವರು "ಚಂದ್ರಾ!" ಎಂದು ಬಲಗೈ ಮಣಿಕಟ್ಟನ್ನು ಗಿರ್ರನೆ ತಿರುಗಿಸಿ ತೋರಿಸಿದರು. ಪೋಲಿಯೊ ಬಡಿದ ಬಲಗೈಯಿಂದಲೇ ಕರ್ನಾಟಕದ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ 1977–78ರಲ್ಲಿ ಈ ಮೈದಾನದಲ್ಲಿ ಎರಡೂ ಇನಿಂಗ್ಸ್‌ಗಳಲ್ಲಿ 52 ರನ್ನಿಗೆ ಆರಾರು ವಿಕೆಟ್ ಕಿತ್ತಿದ್ದರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಗೆಲುವು ಅದು. ಅಪ್ಪ ಬಿಡುತ್ತಾರೆಯೇ? 1981ರಲ್ಲಿ ಭಾರತ ಇಲ್ಲೇ ಗೆದ್ದಾಗ ನಮ್ಮ ಜಿ.ಆರ್. ವಿಶ್ವನಾಥ್ ಹೊಡೆದ 114 ನೆನಪಿಸಿದರು. ಅಪ್ಪನ ಇಂಗ್ಲಿಷು ಆ ಅಜ್ಜನಿಗೆ ಪೂರ್ತಿ ತಿಳಿಯಲಿಲ್ಲ, ಅವರ ಉಚ್ಚಾರ ಅಪ್ಪನಿಗೆ ಹತ್ತಲಿಲ್ಲ. ಆದರೂ ಟೀ ಮುಗಿಯುವ ತನಕ ಇಬ್ಬರ ಮಾತು ನಿಲ್ಲಲಿಲ್ಲ. ಭಾರತ ಈ ಮೈದಾನದಲ್ಲಿ ಅಲ್ಲಿಯ ತನಕ ಗೆದ್ದದ್ದು ಆ ಎರಡೇ ಸಲ, ಎರಡರಲ್ಲೂ ನಮ್ಮವರ ಕೈ ಇತ್ತು.

ಸಂಜೆಗಳು ನಿಧಾನವಾಗಿದ್ದವು. ಊರ ಮಧ್ಯದಲ್ಲಿ ಟ್ರಾಮಿಗೆ ದುಡ್ಡಿಲ್ಲ, ಹತ್ತಿದ್ದೇ ಹತ್ತಿದ್ದು. ಲೈಗನ್ ಸ್ಟ್ರೀಟಿನ ಇಟಾಲಿಯನ್ ಹೋಟೆಲಿನಲ್ಲಿ ಅಪ್ಪ ಪಾಸ್ತಾದ ಮೇಲೆ ಒಣಮೆಣಸಿನ ಚೂರುಗಳನ್ನು ಕೆಂಪಾಗುವಷ್ಟು ಉದುರಿಸಿಕೊಂಡು, ಚೆನ್ನಾಗಿದೆ ಎಂದು ತೃಪ್ತಿಯಿಂದ ತಿಂದರು. ಫಿಟ್ಜ್‌ರಾಯ್ ಗಾರ್ಡನ್ಸಿನಲ್ಲಿ ಎಲ್ಮ್ ಮರಗಳ ಸಾಲು ಅವರಿಗೆ ಎಷ್ಟು ಹಿಡಿಸಿತೆಂದರೆ ಮರುದಿನ ಬೆಳಿಗ್ಗೆ ಆಟಕ್ಕೂ ಆ ದಾರಿಯಲ್ಲೇ ಹೋಗಬೇಕೆಂದರು.

ಮೂರನೇ ದಿನ ಊಟದ ವಿರಾಮಕ್ಕೆ ಮುಂಚಿನ ಕೊನೆಯ ಎಸೆತದಲ್ಲಿ ಬುಮ್ರಾ ಶಾನ್ ಮಾರ್ಷ್‌ಗೆ ಹಾಕಿದ ನಿಧಾನಗತಿಯ ಯಾರ್ಕರ್ ಕಣ್ಣಲ್ಲಿ ಇನ್ನೂ ಇದೆ. ಚೆಂಡು ಬಂದು ಪಾದಕ್ಕೆ ಬಡಿಯುವಷ್ಟರಲ್ಲಿ ಬ್ಯಾಟು ಆಡಿ ಮುಗಿದಿತ್ತು. ಬುಮ್ರಾಗೆ 33 ರನ್ನಿಗೆ ಆರು ವಿಕೆಟ್.

ಕೊನೆಯ ದಿನ ಬೆಳಿಗ್ಗೆ ಮಳೆ. ಆಸ್ಟ್ರೇಲಿಯಾದ ಎರಡೇ ವಿಕೆಟ್ ಬಾಕಿ. ಮೊದಲ ಅವಧಿ ಪೂರ್ತಿ ಕೊಚ್ಚಿಹೋಯಿತು. ಕೊಡೆ ಹಿಡಿದು ಬಂದ ಜನ ಯಾರೂ ವಾಪಸು ಹೋಗಲಿಲ್ಲ, ಡೋಲಿನವರು ಮಳೆಯಲ್ಲೂ ಬಾರಿಸಿದರು. ಆಟ ಶುರುವಾಗಿ ಐದು ಓವರ್ ತುಂಬುವುದರೊಳಗೆ ಕಮಿನ್ಸ್, ಲಯನ್ ಇಬ್ಬರೂ ಔಟ್. ಭಾರತಕ್ಕೆ 137 ರನ್ ಗೆಲುವು. ಸುತ್ತ ಗುರುತಿಲ್ಲದವರೆಲ್ಲ ಅಪ್ಪನ ಕೈ ಕುಲುಕಿದರು.

ಸೇತುವೆ ಇಳಿಯುವಾಗ ಅಪ್ಪ ಕೇಳಿದರು, "ಸಿಡ್ನಿ ಟೆಸ್ಟು ಮೂರನೇ ತಾರೀಕು ಅಲ್ವಾ? ನಿಮ್ಮ ಮನೆಯಿಂದ ಟ್ರೈನಿಗೇ ಹೋಗಬಹುದಾ?"