ಮೂರನೇ ಪುಟ ಎಲ್ಲಿ?

ಆಗ ನಾನು ವಿಶ್ವವಿದ್ಯಾಲಯವೊಂದರ ಪ್ರಕಟಣಾ ವಿಭಾಗಕ್ಕೆ ಸಂಪಾದಕನಾಗಿ ಸೇರಿ ಎರಡು ವರ್ಷ ಆಗಿತ್ತು. ನಮ್ಮ ನಿರ್ದೇಶಕರು ಹಿಂದೆ ಡೀನ್ ಆಗಿದ್ದವರು, ಪುಸ್ತಕಗಳನ್ನೂ ಬರೆದವರು. ಒಂದು ದಿನ ಅವರದೇ ಹಸ್ತಪ್ರತಿ ನನ್ನ ಮೇಜಿಗೆ ಬಂತು. ಮೇಲೊಂದು ಚೀಟಿ: ‘ಎಲ್ಲರದನ್ನು ನೋಡುವ ಹಾಗೇ ನೋಡಿ.’

ಇಲ್ಲಿ ಸಂಪಾದಕನಿಗೆ ಪುಸ್ತಕ ಹಿಡಿಸಿದರೆ ಸಾಲದು. ಆ ವಿಷಯ ಬಲ್ಲ ಹೊರಗಿನವರಿಗೆ, ಸಾಮಾನ್ಯವಾಗಿ ಇಬ್ಬರಿಗೆ, ಕಳಿಸಬೇಕು. ಅವರು ಯಾರು ಅಂತ ಲೇಖಕರಿಗೆ ಗೊತ್ತಾಗಬಾರದು. ಅವರ ವರದಿ ಬಂದಮೇಲೆ ಲೇಖಕರು ಅದಕ್ಕೆ ಉತ್ತರ ಬರೆಯುತ್ತಾರೆ, ಎರಡನ್ನೂ ಮುಂದಿಟ್ಟುಕೊಂಡು ಪ್ರಾಧ್ಯಾಪಕರ ಮಂಡಳಿ ತೀರ್ಮಾನಿಸುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ.

ಮೊದಲ ವರದಿ ತುಂಬ ಹೊಗಳಿತ್ತು. ಎರಡನೆಯದು, ಅಬ್ಬಾ! ನಾಲ್ಕನೇ ಅಧ್ಯಾಯ ಹಳೇ ಭಾಷಣಗಳ ಜೋಡಣೆ, ಲೇಖಕರು ಇದನ್ನು ಅಧಿಕಾರದ ಕುರ್ಚಿಯಲ್ಲಿ ಕೂತು ಬರೆದಿದ್ದಾರೆ, ಓದುವವರ ಪಕ್ಕ ಕೂತಲ್ಲ ಅಂತ ಅದರ ಮೂರನೇ ಪುಟದಲ್ಲಿತ್ತು. ಆ ಪುಟವನ್ನು ತೆಗೆದಿಟ್ಟು ಉಳಿದದ್ದನ್ನು ಕೊಟ್ಟೆ. ಅದು ಭಯ. ನಾನು ಮರ್ಯಾದೆ ಅಂದುಕೊಂಡಿದ್ದೆ.

ಮಧ್ಯಾಹ್ನ ಕರೆದರು. “ಮೂರನೇ ಪುಟ ಎಲ್ಲಿ?”

ಜೀವನವಿಡೀ ಪ್ರೂಫ್ ನೋಡಿದವರು ಪುಟದ ನಂಬರ್ ನೋಡದೆ ಇರ್ತಾರಾ? ತಂದುಕೊಟ್ಟೆ. ನಿಂತೇ ಓದಿದರು.

“ನಿಮಗೂ ಹಾಗೇ ಅನ್ನಿಸಿತ್ತಾ?”

“ಅನ್ನಿಸಿತ್ತು ಸರ್.”

“ಮತ್ತೆ ಮೊದಲೇ ಹೇಳಬೇಕಿತ್ತು ಅಲ್ವಾ? ಈ ಪುಸ್ತಕಕ್ಕೆ ನಾನು ಬರೀ ಲೇಖಕ. ಪ್ರಕಾಶಕರು ನೀವು.”

ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು.

ಆಡಳಿತ, ಪ್ರಕಾಶನ, ಬರವಣಿಗೆ ಮೂರೂ ಒಬ್ಬರ ಕೈಯಲ್ಲೇ ಇರುವುದು ಹೊಸದೇನಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ಡೇನಿಯಲ್ ಕಾಯ್ಟ್ ಗಿಲ್ಮನ್ 1878ರಲ್ಲೇ ಅಲ್ಲಿ ಪ್ರಕಾಶನ ಶುರು ಮಾಡಿಸಿದರು. ಮೊದಲು ಹೊರಬಂದದ್ದು ಒಂದು ಗಣಿತದ ಪತ್ರಿಕೆ. ದಿನಾ ತರಗತಿಗೆ ಬರಲು ಆಗದವರಿಗೂ ತಿಳಿವಳಿಕೆ ಮುಟ್ಟಿಸುವುದು ವಿಶ್ವವಿದ್ಯಾಲಯದ ಕರ್ತವ್ಯ ಅನ್ನುತ್ತಿದ್ದರು. ತಾವೂ ಪುಸ್ತಕ ಬರೆದರು. ಇಂಥವರ ಬದುಕನ್ನು ದೂರದಿಂದ ನೋಡಿದರೆ ಪದವಿಗಳೇ ಕಾಣುತ್ತವೆ. ಪಕ್ಕದ ಮೇಜಿನಿಂದ ನನಗೆ ಜಾಸ್ತಿ ಕಂಡದ್ದು, ಎಲ್ಲಿ ಎದ್ದು ಆಚೆ ಹೋಗಬೇಕು ಅನ್ನುವ ಲೆಕ್ಕಾಚಾರ.

ಆ ನಾಲ್ಕನೇ ಅಧ್ಯಾಯವನ್ನು ನಮ್ಮ ನಿರ್ದೇಶಕರೇ ಕಿತ್ತುಹಾಕಿದರು. ಮಂಡಳಿ ಸೇರಿದ ದಿನ ಹೊರಗಿನ ಬೆಂಚಿನ ಮೇಲೆ ಕೂತು ಬೇರೆ ಯಾರದೋ ಪ್ರೂಫ್ ತಿದ್ದುತ್ತಿದ್ದರು. ಪುಸ್ತಕ ಒಪ್ಪಿಗೆ ಆಯ್ತು, ಒಳಗೆ ಬರಬೇಕಂತೆ ಅಂತ ಹೇಳಿದೆ. ತಲೆ ಎತ್ತಲಿಲ್ಲ.

“ಒಂದ್ನಿಮಿಷ, ಈ ಪುಟ ಮುಗೀಲಿ.”