ಬಾಯಿ ಕೆಳಗೆ ಊದಿದ ತೋಟೆ

ಮೂರನೇ ತೋಟೆ ಒಳಗೆ ಹೋಗಲಿಲ್ಲ. ಕೋವಿ ಮುಚ್ಚುವ ಲಿವರ್ ಅರ್ಧಕ್ಕೇ ನಿಂತಿತು. ಇನ್ನೊಂಚೂರು ಒತ್ತಿದರೆ ಮುಚ್ಚುತ್ತಿತ್ತೇನೋ. ಒತ್ತಲಿಲ್ಲ. ಕೋವಿಯ ಹತ್ತಿರ ಬಲ ತೋರಿಸಬಾರದು ಅಂತ ಚಿಕ್ಕವನಿದ್ದಾಗಲೇ ಮನೆಯಲ್ಲಿ ಕಲಿಸಿದ್ದರು.

ತೋಟೆ ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಬಾಯಿಯಿಂದ ಸ್ವಲ್ಪ ಕೆಳಗೆ, ಸುತ್ತಲೂ ಒಂದು ಸಣ್ಣ ಉಬ್ಬು. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಹೆಬ್ಬೆರಳಿನ ಉಗುರು ಎಳೆದರೆ ಅಲ್ಲಿ ತಡೆಯುತ್ತದೆ. ಆ ದಿನದ ಶೂಟಿಂಗ್ ಅಲ್ಲಿಗೇ ಮುಗಿಸಿ ಮನೆಗೆ ಬಂದೆ.

ನಾನು ಕೊಡಗಿನವನು, ಈಗ ಇರುವುದು ಅಮೆರಿಕದ ಒಹಾಯೋದಲ್ಲಿ. ಊರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತೇವೆ, ಆಮೇಲೆ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಖಾಲಿ ಕೇಸಿಗೆ, ಅಂದರೆ ತೋಟೆಯ ಹಿತ್ತಾಳೆ ಕೊಳವೆಗೆ, ಮತ್ತೆ ಕಿಡಿ ಹಚ್ಚುವ ಕೇಪು, ಮದ್ದು, ಗುಂಡು ಕೂರಿಸುವ ರೀಲೋಡಿಂಗ್ ಕೆಲಸ ಮಾತ್ರ ನಾನು ಕಲಿತದ್ದು ಇಲ್ಲಿ ಬಂದ ಮೇಲೆ. ಒಹಾಯೋದಲ್ಲಿ 2014ರಿಂದ ಜಿಂಕೆ ಬೇಟೆಗೆ ನೇರ ಗೋಡೆಯ ಕೇಸಿನ ರೈಫಲ್‌ಗಳಿಗೆ ಅನುಮತಿ ಇದೆ. ನೇರ ಗೋಡೆ ಅಂದರೆ ಬಾಟಲಿಯಂತೆ ಭುಜ, ಕತ್ತು ಇಲ್ಲದ ಕೇಸು. ನನ್ನದು 45-70. ಅಮೆರಿಕದ ಸೈನ್ಯ 1873ರಲ್ಲಿ ತಂದ ತೋಟೆ. ದಪ್ಪ, ಸಾದಾ, ನೋಡಲು ಚೆಂದ.

ಮನೆಗೆ ಬಂದವನೇ ಉಳಿದ ತೋಟೆಗಳ ಮೇಲೆಲ್ಲ ಉಗುರು ಎಳೆದು ನೋಡಿದೆ. ಹದಿನೆಂಟರಲ್ಲಿ ಆರಕ್ಕೆ ಸುತ್ತ ಉಬ್ಬು. ಇನ್ನೊಂದಕ್ಕೆ ಒಂದೇ ಕಡೆ ಮಡಿಕೆ, ಡಬ್ಬಿಯ ಅಂಚು ನೆಗ್ಗಿದ ಹಾಗೆ. ಗುಂಡು ಒತ್ತಿ ಕೂರಿಸುವ ಪ್ರೆಸ್‌ನ ಅಚ್ಚು, ಅಂದರೆ ಡೈ, ಕೆಟ್ಟಿದೆ ಅಂದುಕೊಂಡೆ. ಬಿಚ್ಚಿ, ತೊಳೆದು, ಒರೆಸಿ ನೋಡಿದರೆ ಅದರಲ್ಲಿ ಒಂದು ಗೀರೂ ಇಲ್ಲ.

ಪಕ್ಕದ ಮನೆಯ ಹಿರಿಯರನ್ನು ಕರೆದೆ. ಜೀವನವಿಡೀ ಲೇಥ್ ಮೇಲೆ ಕೆಲಸ ಮಾಡಿದವರು. ಬಂದವರು ಡೈ ಕಡೆ ತಿರುಗಿಯೂ ನೋಡಲಿಲ್ಲ. ಕೆಟ್ಟ ತೋಟೆಗಳನ್ನು ಎರಡು ಗುಂಪು ಮಾಡಿ ಇಟ್ಟರು. "ಇವು ಎರಡು ಬೇರೆ ಬೇರೆ ಕಾಯಿಲೆ" ಅಂದರು. ಆಮೇಲೆ ಕೇಳಿದರು, "ಕೇಸುಗಳ ಉದ್ದ ಅಳೆದಿದ್ದೀಯಾ?"

ಅಳೆದಿರಲಿಲ್ಲ. ಹೊಸ ಕೇಸುಗಳ ಜೊತೆ ಸ್ನೇಹಿತರೊಬ್ಬರು ಕೊಟ್ಟ ಹಳೆಯವೂ ಸೇರಿದ್ದವು. ಡೈ ಹೊಂದಿಸುವಾಗ ಕೈಗೆ ಸಿಕ್ಕ ಒಂದು ಹೊಸ ಕೇಸನ್ನೇ ಅಳತೆಗೆ ಇಟ್ಟುಕೊಂಡಿದ್ದೆ.

ಇನ್ನೂ ತುಂಬದೆ ಉಳಿದಿದ್ದ ಮೂವತ್ತನ್ನು ಕ್ಯಾಲಿಪರ್‌ನಲ್ಲಿ ಒಂದೊಂದಾಗಿ ಅಳೆದೆವು. ತೀರಾ ಗಿಡ್ಡದ್ದು 2.095 ಇಂಚು, ತೀರಾ ಉದ್ದದ್ದು 2.108. ಈ ಕೇಸಿಗೆ ಗರಿಷ್ಠ ಮಿತಿಯೇ 2.105. ವ್ಯತ್ಯಾಸ ಹದಿಮೂರು ಥೌ (ಇಂಚಿನ ಸಾವಿರದಲ್ಲಿ ಹದಿಮೂರು ಭಾಗ), ನಾಲ್ಕು ಕೂದಲೆಳೆ ಜೋಡಿಸಿದಷ್ಟು. ಅಷ್ಟಕ್ಕೇ ಇಷ್ಟೆಲ್ಲ ಆಗಿತ್ತು. ನನ್ನ ಡೈ ಗುಂಡನ್ನು ಕೆಳಗೆ ಕೂರಿಸುತ್ತಲೇ ಕೇಸಿನ ಬಾಯನ್ನು ಒಳಕ್ಕೆ ಮಡಚಿ, ಗುಂಡಿನ ಸುತ್ತ ಇರುವ ತೋಡಿನಲ್ಲಿ ಹಿಡಿಸುತ್ತದೆ. ಇದಕ್ಕೆ ಕ್ರಿಂಪ್ ಅನ್ನುತ್ತಾರೆ. ಕೇಸು ಉದ್ದ ಇದ್ದರೆ ಗುಂಡು ಪೂರ್ತಿ ಕೂರುವ ಮೊದಲೇ ಬಾಯಿ ಮಡಚಲು ಶುರುವಾಗುತ್ತದೆ. ಗುಂಡು ಇನ್ನೂ ಇಳಿಯುತ್ತಿದೆ, ಬಾಯಿ ಅದನ್ನು ಕಚ್ಚಿಕೊಂಡಿದೆ. ಗೋಡೆ ಎಲ್ಲಿಗೆ ಹೋಗಬೇಕು? ಮೇಜಿನ ಮೇಲೆ ನಿಲ್ಲಿಸಿದ ಕಾಗದದ ಸುರುಳಿಯ ತಲೆ ಒತ್ತಿದ ಹಾಗೆ, ಹೊರಗೆ ಉಬ್ಬುತ್ತದೆ.

ಒಂದೇ ಕಡೆ ಮಡಿಕೆ ಬಿದ್ದದ್ದಕ್ಕೆ ಕಾರಣ ಬೇರೆ. ಗುಂಡು ಇಡುವ ಮೊದಲು ಬಾಯನ್ನು ಒಂಚೂರು ಅಗಲ ಮಾಡಬೇಕು. ನಾನು ಅದನ್ನು ತೀರಾ ಕಡಿಮೆ ಮಾಡಿದ್ದೆ. ಗುಂಡು ಓರೆಯಾಗಿ ನಿಂತಿದೆ, ಪ್ರೆಸ್ ಒತ್ತಿದಾಗ ಅಂಚನ್ನೇ ನೆಗ್ಗಿಸಿಕೊಂಡು ಒಳಗೆ ಹೋಗಿದೆ. ಹಾಗಂತ ಜಾಸ್ತಿ ಅಗಲ ಮಾಡುವುದೂ ಒಳ್ಳೆಯದಲ್ಲ. ಪ್ರತಿ ಸಲ ಬಾಯಿ ಹಿಗ್ಗಿಸಿ, ಮತ್ತೆ ಮಡಚಿದರೆ ಹಿತ್ತಾಳೆ ಗಡುಸಾಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ತುಂಡಾಗುತ್ತದೆ ಅಲ್ವಾ, ಹಾಗೇ. ಹಳೆಯ ಕೇಸುಗಳಲ್ಲಿ ಎರಡರ ಬಾಯಲ್ಲಿ ಕೂದಲಿನಷ್ಟು ತೆಳುವಾದ ಸೀಳು ಸಿಕ್ಕಿತು. ಭೂತಗನ್ನಡಿ ಹಿಡಿದ ಮೇಲೆ ಕಂಡದ್ದು. ಪಾತ್ರೆ ಬಡಿಯುವ ಕಂಚುಗಾರರು ನಡುನಡುವೆ ಬೆಂಕಿಗೆ ಹಿಡಿದು ಲೋಹ ಮೆದು ಮಾಡಿಕೊಳ್ಳುತ್ತಾರಲ್ಲ, ಇಲ್ಲೂ ಕೆಲವರು ಕೇಸಿನ ಬಾಯಿಗೆ ಅದನ್ನೇ ಮಾಡುತ್ತಾರೆ. ಬುಡಕ್ಕೆ ಮಾತ್ರ ಬಿಸಿ ತಾಕಲೇಬಾರದು, ಒತ್ತಡ ತಡೆಯುವುದು ಅದೇ. ನನಗೆ ಅದರಲ್ಲಿ ಇನ್ನೂ ಕೈ ಪಳಗಿಲ್ಲ. ಸೀಳಿದವನ್ನು ಬಿಸಾಡುವುದೇ ಸರಿ ಅನ್ನಿಸಿತು.

ಸಂಜೆಯವರೆಗೂ ಕೂತೆವು. ಎಲ್ಲ ಕೇಸುಗಳನ್ನೂ 2.095ಕ್ಕೆ ಕತ್ತರಿಸಿ, ಅಂಚು ನಯ ಮಾಡಿದೆ. ಗುಂಡು ಕೂರಿಸುವುದು, ಕ್ರಿಂಪ್ ಮಾಡುವುದು ಎರಡನ್ನೂ ಬೇರೆ ಬೇರೆ ಹಂತ ಮಾಡಿದೆ. ಮೊದಲು ಎಲ್ಲಕ್ಕೂ ಗುಂಡು, ಆಮೇಲೆ ಡೈ ಬೇರೆ ಹೊಂದಿಸಿ ಬರೀ ಕ್ರಿಂಪ್. ಹಿರಿಯರು ಇನ್ನೊಂದು ಕೆಲಸ ಮಾಡಿಸಿದರು. ಕೇಪೂ ಇಲ್ಲದ, ಮದ್ದೂ ಇಲ್ಲದ ಒಂದು ಡಮ್ಮಿ ತೋಟೆ. ಅದರ ಮೈಗೆಲ್ಲ ಕಪ್ಪು ಮಾರ್ಕರ್ ಬಳಿದು, ಕೋವಿಯಲ್ಲಿ ತೋಟೆ ಕೂರುವ ಚೇಂಬರ್‌ಗೆ ಹಾಕಿ ತೆಗೆದೆವು. ಎಲ್ಲಿ ಉಜ್ಜುತ್ತದೋ ಅಲ್ಲಿ ಬಣ್ಣ ಹೋಗಿ ಹಿತ್ತಾಳೆ ಹೊಳೆಯುತ್ತದೆ. ಮೊದಲ ಸಲ ಬಾಯಿ ಹತ್ತಿರ ಒಂದು ಕಡೆ ಹೊಳೆಯಿತು. ಕ್ರಿಂಪ್ ಡೈಯನ್ನು ಕಾಲು ಸುತ್ತು ಮೇಲಕ್ಕೆ ತಿರುಗಿಸಿ ಇನ್ನೊಂದು ಡಮ್ಮಿ ಮಾಡಿದೆ. ಈ ಸಲ ಬಣ್ಣ ಹಾಗೇ ಇತ್ತು.

ಕೆಟ್ಟ ಏಳು ತೋಟೆಗಳ ಗುಂಡುಗಳನ್ನು ಬಿಡಿಸುವ ಸುತ್ತಿಗೆಯಿಂದ ಹೊರಗೆ ತೆಗೆದೆ. ಒಂದನ್ನಾದರೂ ಸುಮ್ನೆ ಹಾರಿಸಿ ಮುಗಿಸೋಣ ಅಂತ ಅನ್ನಿಸಲಿಲ್ಲ. ಅದು ಸಿಡಿಯುವುದು ನನ್ನ ಕೆನ್ನೆಯ ಪಕ್ಕದಲ್ಲೇ. ರೇಂಜ್‌ನಲ್ಲಿ ಬದಿಯಲ್ಲಿ ಇನ್ನೊಬ್ಬರೂ ನಿಂತಿರುತ್ತಾರೆ. ಖಾಲಿಯಾದ ಕೇಸುಗಳನ್ನೂ, ಸೀಳಿದ ಎರಡನ್ನೂ ಇಕ್ಕಳದಲ್ಲಿ ಚಪ್ಪಟೆ ಮಾಡಿದೆ, ಬೇರೆ ಯಾರ ಕೈಗೂ ಸಿಗಬಾರದು ಅಂತ.

ಮುಂದಿನ ಶನಿವಾರ ಇಪ್ಪತ್ತು ಹೊಸ ತೋಟೆ ತೆಗೆದುಕೊಂಡು ಹೋದೆ. ಇಪ್ಪತ್ತು ಸಲವೂ ಲಿವರ್ ಸಲೀಸಾಗಿ ಮುಚ್ಚಿತು. ಮನೆಗೆ ಬಂದು ಕೇಸಿನ ಡಬ್ಬಿಯ ಮೇಲೆ ಉದ್ದ, ತಾರೀಕು, ಎಷ್ಟನೇ ಸಲ ತುಂಬಿದ್ದು ಅಂತ ಬರೆದಿಟ್ಟೆ. ಆ ಡಮ್ಮಿ ತೋಟೆ ಈಗಲೂ ಪ್ರೆಸ್ ಪಕ್ಕದಲ್ಲೇ ನಿಂತಿದೆ, ಮೈತುಂಬ ಕಪ್ಪು ಬಣ್ಣದಲ್ಲಿ.