ಮಳೆಗಾಲಕ್ಕೆ ಮುನ್ನ ನಮ್ಮ ಕ್ಯಾರವಾನ್

ಪುಣೆಯಲ್ಲಿರುವ ನಾವು ಮೂರು ಕನ್ನಡ ಕುಟುಂಬಗಳು ಸೇರಿ ಕೊಂಡ ಕ್ಯಾರವಾನನ್ನು, ಅಂದರೆ ಪ್ರವಾಸದಲ್ಲಿ ಉಳಿಯುವ ಗಾಲಿಮನೆಯನ್ನು, ಪ್ರತಿವರ್ಷ ಜೂನ್ ಮಳೆ ಹಿಡಿಯುವ ಮೊದಲೇ ಸಜ್ಜುಗೊಳಿಸುತ್ತೇವೆ. ಹೆಚ್ಚಿನ ಹೊತ್ತು ಹಿಡಿಯುವುದು ಚಾವಣಿಯ ಕೆಲಸ. ಕಳೆದ ವರ್ಷ ಗಾಳಿಕಿಂಡಿಯ ಸುತ್ತಲಿನ ಸೀಲೆಂಟ್ (ಸಂದಿನಲ್ಲಿ ನೀರು ಇಳಿಯದಂತೆ ಹಚ್ಚುವ ಅಂಟು) ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದನ್ನು ಮೂವರಲ್ಲಿ ಯಾರೂ ಗಮನಿಸದೆ ಹೋದದ್ದರಿಂದ ನೀರು ಒಳಗಿಳಿದು, ಹಾಸಿಗೆಯ ಕೆಳಗಿನ ಪ್ಲೈವುಡ್ ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾಗಿತ್ತು. ಆ ನೋವು ನನಗಿನ್ನೂ ಇದೆ. ಹಳೆಯದರ ಮೇಲೆಯೇ ಬಳಿದರೆ ಹೊಸ ಸೀಲೆಂಟ್ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ, ಈ ಬಾರಿ ನಾನೇ ಏಣಿ ಹತ್ತಿ ಎಲ್ಲವನ್ನೂ ಕೆರೆದು, ಒರೆಸಿ, ಒಣಗಿದ ಮೇಲೆ ಹಚ್ಚಿದೆ. ನೀರಿನ ಟ್ಯಾಂಕನ್ನು ಬರಿದು ಮಾಡಿದೆವು. ಪೂರ್ತಿ ಚಾರ್ಜಾದ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, ನಮ್ಮದು 12.1ಕ್ಕೆ ಇಳಿದಿತ್ತು. ಅದನ್ನು ಚಾರ್ಜ್ ಮಾಡಿ, ನೆಗೆಟಿವ್ ತಂತಿ ಬಿಚ್ಚಿಟ್ಟು, ದಿನಾಂಕವನ್ನು ನಮ್ಮ ಮೂವರ ಪುಸ್ತಕದಲ್ಲಿ ಬರೆದೆ.